ಮೇಷ್ಟ್ರ ಹತ್ರ ಎಲ್‌ಓಆರ್ ಕೇಳೋಕ್ಕೆ ಹೋದಾಗ

ನಾನ್ ಮಾಡಿದ ಮೊದಲನೇ ತಪ್ಪನ್ನ ಮೊದಲೇ ಹೇಳ್ಬಿಡ್ತೀನಿ. ಎಂಎಸ್‌ಗೆ ಅಮೆರಿಕಕ್ಕೆ ಅಪ್ಲೈ ಮಾಡ್ಬೇಕು ಅಂತ ಡಿಸೈಡ್ ಆದ ತಕ್ಷಣ ಎಲ್‌ಓಆರ್, ಅಂದ್ರೆ ನಮ್ಮನ್ನ ಬಲ್ಲ ಮೇಷ್ಟ್ರೋ ಬಾಸೋ ನಮ್ ಬಗ್ಗೆ ಯೂನಿವರ್ಸಿಟಿಗೆ ಬರೆಯೋ ಶಿಫಾರಸು ಪತ್ರ, ಕೇಳೋಕ್ಕೆ ಸೀದಾ ಹೋಗಿದ್ದು ಎಚ್‌ಓಡಿ (ಡಿಪಾರ್ಟ್‌ಮೆಂಟ್ ಮುಖ್ಯಸ್ಥರು) ಚೇಂಬರ್‌ಗೆ. ಯಾಕಂದ್ರೆ ಸೀನಿಯರ್ಸ್ ಎಲ್ಲಾ ಹೇಳ್ತಿದ್ದಿದ್ದು ಒಂದೇ, ಎಚ್‌ಓಡಿ ಸೈನ್ ಇದ್ರೆ ತೂಕ ಜಾಸ್ತಿ ಕಣೋ ಅಂತ. ನಾನು ಓದಿದ್ದು ದಾವಣಗೆರೆ ಕಡೆ ಒಂದು ವಿಟಿಯು ಕಾಲೇಜಲ್ಲಿ, ಸಿವಿಲ್. ಪಾಸಾಗಿ ಒಂದೂವರೆ ವರ್ಷ ಆಗಿತ್ತು, ಬೆಂಗಳೂರಲ್ಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಡಿಸೈನ್ ಮಾಡೋ ಸಣ್ಣ ಕನ್ಸಲ್ಟೆನ್ಸೀಲಿ ಕೆಲ್ಸ. ಶನಿವಾರ ರಜೆ ಹಾಕಿ ಬೆಳಗ್ಗೆ ರೈಲು ಹತ್ತಿ ಹೋದ್ರೆ ಸರ್ ತಲೆ ಎತ್ತಿ ನೋಡಿ "ಯಾವ್ ಬ್ಯಾಚಪ್ಪಾ ನೀನು, ಹೆಸರೇನು?" ಅಂದ್ರು. ನಾಲ್ಕು ವರ್ಷ ಅದೇ ಕಾರಿಡಾರಲ್ಲಿ ನಮಸ್ಕಾರ ಹೊಡ್ಕೊಂಡು ಓಡಾಡಿದೀನಿ ನಾನು! ಆದ್ರೆ ತಪ್ಪು ಅವರದ್ದಲ್ಲ, ಅವರು ನಮಗೆ ತಗೊಂಡಿದ್ದು ಒಂದೇ ಒಂದು ಎಲೆಕ್ಟಿವ್, ಅದ್ರಲ್ಲೂ ನಾನು ಹಿಂದಿನ ಬೆಂಚು.

ಹೆಸರು ಹೇಳಿದ್ಮೇಲೆ "ಆಯ್ತು, ನೀನೇ ಬರ್ಕೊಂಡ್ ಬಾ, ಲೆಟರ್‌ಹೆಡ್ ಮೇಲೆ ಹಾಕಿ ಸೈನ್ ಮಾಡಿ ಸೀಲ್ ಹಾಕಿಸ್ಕೊಡ್ತೀನಿ" ಅಂದ್ರು. ಇಂಜಿನಿಯರಿಂಗ್ ಓದಿದವರಿಗೆಲ್ಲಾ ಈ ಡೈಲಾಗ್ ಗೊತ್ತಿರುತ್ತೆ. ಅವತ್ತು ಖುಷಿಯಿಂದಾನೇ ಬಂದೆ, ರಾತ್ರಿ ಮನೇಲಿ ಕೂತು ಬರೆದೆ. ಹಾರ್ಡ್‌ವರ್ಕಿಂಗ್, ಸಿನ್ಸಿಯರ್, ಟೀಮ್ ಪ್ಲೇಯರ್, ಪಂಕ್ಚುವಲ್. ಬೆಳಗ್ಗೆ ಎದ್ದು ಓದಿದ್ರೆ ನನ್ ಹೆಸರು ತೆಗೆದು ಪಕ್ಕದ್ಮನೆ ಹುಡುಗನ ಹೆಸರು ಹಾಕಿದ್ರೂ ಒಂದಕ್ಷರ ಬದಲಾಯಿಸ್ಬೇಕಾಗಿರ್ಲಿಲ್ಲ. ಇನ್ನೂ ಒಂದು ವಿಷ್ಯ ಹೊಳೀತು, ಮೂರು ಲೆಟರ್ ಬೇಕು, ಮೂರನ್ನೂ ನಾನೇ ಬರೆದ್ರೆ ಮೂರೂ ಒಂದೇ ಥರಾ ಇರುತ್ತೆ, ಒಂದೇ ಕೈಬರಹ ಅಂತಾರಲ್ಲ ಹಂಗೆ. ಅಲ್ಲಿ ಕೂತು ವರ್ಷಕ್ಕೆ ನೂರಾರು ಫೈಲ್ ಓದೋರಿಗೆ ಅದು ಗೊತ್ತಾಗಲ್ವಾ? ಜೊತೆಗೆ ಅದು ಸರಿನೂ ಅಲ್ಲ. ಅವ್ರು ಕೇಳ್ತಿರೋದು ಮೇಷ್ಟ್ರು ನನ್ ಬಗ್ಗೆ ಏನ್ ಅಂದ್ಕೊಂಡಿದಾರೆ ಅಂತ, ನಾನು ನನ್ ಬಗ್ಗೆ ಏನ್ ಅಂದ್ಕೊಂಡಿದೀನಿ ಅಂತಲ್ಲ, ಅದಕ್ಕೆ ನಮ್ ಬಗ್ಗೆ ನಾವೇ ಬರೆಯೋ ಎಸ್‌ಓಪಿ ಬೇರೆ ಇದ್ಯಲ್ಲ.

(ಬೆಂಗಳೂರಲ್ಲಿ ಒಬ್ಬ ಏಜೆಂಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. "ಸರ್ ಹೆಸರಲ್ಲಿ ಒಂದು ಜಿಮೇಲ್ ಐಡಿ ಓಪನ್ ಮಾಡಿ ನೀವೇ ಅಪ್‌ಲೋಡ್ ಮಾಡ್ಬಿಡಿ, ಎಲ್ರೂ ಮಾಡೋದೇ" ಅಂದ. ಎದ್ದು ಬಂದೆ. ಸಿಕ್ಕಿಬಿದ್ರೆ ಅಡ್ಮಿಟ್ ಮಾತ್ರ ಅಲ್ಲ, ಅಲ್ಲಿಗೆ ಹೋದ್ಮೇಲೂ ಸೀಟು ಕಳ್ಕೊಬೇಕಾಗ್ಬಹುದು.)

ಆಮೇಲೆ ಕೂತ್ಕೊಂಡು ಯೋಚ್ನೆ ಮಾಡ್ದೆ, ನಾಲ್ಕು ವರ್ಷದಲ್ಲಿ ನನ್ನನ್ನ ನಿಜವಾಗ್ಲೂ ನೋಡಿರೋರು ಯಾರು? ಮೊದಲನೇ ಹೆಸರು ಪ್ರಾಜೆಕ್ಟ್ ಗೈಡ್. ಎನ್ವಿರಾನ್ಮೆಂಟಲ್ ಲ್ಯಾಬ್ ನೋಡ್ಕೊಳ್ತಿದ್ದ ಸರ್, ಆಗಿನ್ನೂ ಪಿಎಚ್‌ಡಿ ಮುಗಿದಿರ್ಲಿಲ್ಲ, ಅಸಿಸ್ಟೆಂಟ್ ಪ್ರೊಫೆಸರ್ ಅಷ್ಟೇ. ಫ್ರೆಂಡ್ಸ್ ಎಲ್ಲಾ "ಡಾಕ್ಟರ್ ಇಲ್ದೇ ಇರೋರ್ ಹತ್ರ ಯಾಕೋ" ಅಂದ್ರು. ಆದ್ರೆ ನಮ್ ಪ್ರಾಜೆಕ್ಟ್ ಕಥೆ ಗೊತ್ತಿದ್ದಿದ್ದು ಅವರೊಬ್ಬರಿಗೇ.

ಕಥೆ ಏನಂದ್ರೆ, ನಾವು ಒಂದು ಕೆರೆ ನೀರಿನ ಬಿಒಡಿ, ಅಂದ್ರೆ ನೀರಲ್ಲಿರೋ ಕೊಳೆ ಕರಗಿಸೋಕ್ಕೆ ಬ್ಯಾಕ್ಟೀರಿಯಾ ಎಷ್ಟು ಆಮ್ಲಜನಕ ಬಳಸುತ್ತೆ ಅನ್ನೋದು, ನೋಡ್ತಿದ್ವಿ. ನಮ್ಮಲ್ಲಿ ಐಎಸ್ (ಇಂಡಿಯನ್ ಸ್ಟ್ಯಾಂಡರ್ಡ್) ಮೆಥಡ್ ಪ್ರಕಾರ 27 ಡಿಗ್ರೀಲಿ 3 ದಿನ ಇನ್‌ಕ್ಯುಬೇಟರಲ್ಲಿ (ಟೆಂಪರೇಚರ್ ಒಂದೇ ಸಮ ಇಡೋ ಪೆಟ್ಟಿಗೆ) ಇಡ್ಬೇಕು. 300 ಎಂಎಲ್ ಬಾಟ್ಲಿ, ಗುಳ್ಳೆ ಒಳಗೆ ಹೋಗ್ಬಾರ್ದು, ಆಮೇಲೆ ಟೈಟ್ರೇಷನ್, ಸ್ಟಾರ್ಚ್ ಹಾಕಿದ್ಮೇಲೆ ನೀಲಿ ಬಣ್ಣ ಹೋಗೋವರೆಗೂ ಹನಿ ಹನಿ ಬಿಡೋದು. ಒಂದ್ ಸಲ ಶುಕ್ರವಾರ ಇಟ್ಟು ಹೋಗಿದ್ವಿ, ಭಾನುವಾರ ಕರೆಂಟ್ ಹೋಗಿದೆ, ಇನ್‌ಕ್ಯುಬೇಟರ್‌ಗೆ ಯುಪಿಎಸ್ ಕನೆಕ್ಷನ್ ಇರ್ಲಿಲ್ಲ. ಸೋಮವಾರ ನೋಡಿದ್ರೆ ಟೆಂಪರೇಚರ್ ಎಲ್ಲೆಲ್ಲೋ ಹೋಗಿತ್ತು. ಟೀಮಲ್ಲಿ ಉಳಿದ ಮೂರು ಜನ "ನಂಬರ್ ಸುಮಾರಾಗೇ ಬಂದಿದೆಯಲ್ಲ, ಬರ್ಕೊಂಡ್ಬಿಡೋಣ" ಅಂದ್ರು. ನಾನು ಅದನ್ನ ರೆಕಾರ್ಡಲ್ಲಿ ಹೊಡೆದು ಹಾಕಿ ಪಕ್ಕದಲ್ಲಿ ಕರೆಂಟ್ ಹೋಗಿತ್ತು, ಈ ರೀಡಿಂಗ್ ಬೇಡ ಅಂತ ಬರೆದು, ಮಂಗಳವಾರ ಬೆಳಗ್ಗೆ ಆರು ಗಂಟೆಗೆ ಮತ್ತೆ ಕೆರೆಗೆ ಹೋಗಿ ಸ್ಯಾಂಪಲ್ ತಂದೆ. ದೊಡ್ಡ ಆದರ್ಶ ಅಂತಲ್ಲ, ವೈವಾದಲ್ಲಿ ಕೇಳಿದ್ರೆ ಸಿಕ್ಕಿಬೀಳ್ತೀನಿ ಅಂತ ಭಯ ಇತ್ತು ಅಷ್ಟೇ. ಆದ್ರೆ ಸರ್ ಆ ಪುಟ ನೋಡಿ ಏನೂ ಅನ್ನದೆ ಸೈನ್ ಹಾಕಿ ಕೊಟ್ಟಿದ್ರು, ಅದು ನೆನಪಿತ್ತು ನನಗೆ.

ಎರಡನೇದು ಫ್ಲೂಯಿಡ್ ಮೆಕ್ಯಾನಿಕ್ಸ್ ತಗೊಂಡಿದ್ದ ಮೇಡಂ. ಮೊದಲನೇ ಇಂಟರ್ನಲ್ಸಲ್ಲಿ ನಂಗೆ ತೀರಾ ಕಡಿಮೆ ಬಂದಿತ್ತು, ಆಮೇಲೆ ವಾರಕ್ಕೆರಡು ದಿನ ಅವರ ಟೇಬಲ್ ಹತ್ರ ಹೋಗಿ ಡೌಟ್ ಕೇಳಿ ಕೇಳಿ ಸೆಮ್ ಎಂಡಲ್ಲಿ ಒಳ್ಳೆ ಮಾರ್ಕ್ಸ್ ತಗೊಂಡಿದ್ದೆ. ಮೂರನೇದಕ್ಕೆ ಆಫೀಸ್ ಬಾಸ್. ಅವರು ಮನಸ್ಸಿದ್ರೂ ಒಂದ್ ತಿಂಗಳು ಎಚ್‌ಆರ್ ಹತ್ರ ಪರ್ಮಿಷನ್ ಕೇಳ್ಬೇಕು ಅಂತ ತಳ್ಳಿ ಕೊನೆಗೆ ಕೊಟ್ರು, ಅದ್ರ ಬಗ್ಗೆ ಹೇಳೋಕ್ಕೆ ಹೆಚ್ಚೇನಿಲ್ಲ.

ಕೇಳೋದು ಹೇಗೆ ಅನ್ನೋದೇ ನಂಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು. ವಾಟ್ಸಾಪಲ್ಲಿ ಟೈಪ್ ಮಾಡಿ ಅಳಿಸಿ, ಟೈಪ್ ಮಾಡಿ ಅಳಿಸಿ. ಅಪ್ಪ ನೋಡಿ "ಮೇಷ್ಟ್ರ ಹತ್ರ ಕೇಳೋಕ್ಕೆ ಎಂಥಾ ನಾಚಿಕೆನೋ, ಸಾಲ ಕೇಳ್ತಿದೀಯಾ" ಅಂದ್ರು. ಕೊನೆಗೆ ಸೆಪ್ಟೆಂಬರಲ್ಲಿ ಗೈಡ್ ಸರ್‌ಗೆ ಫೋನ್ ಮಾಡಿ ಬರ್ಲಾ ಅಂತ ಕೇಳಿ, ಕ್ಲಾಸ್ ಎಲ್ಲಾ ಮುಗಿದ ಮೇಲೆ ನಾಲ್ಕು ಗಂಟೆ ಹೊತ್ತಿಗೆ ಹೋದೆ. ಡೆಡ್‌ಲೈನ್ ಡಿಸೆಂಬರ್ 15, ಆದ್ರೂ ಸೆಪ್ಟೆಂಬರಲ್ಲೇ ಯಾಕೆ ಅಂದ್ರೆ ನವೆಂಬರ್ ಆದ್ಮೇಲೆ ಅವರು ಸಿಗಲ್ಲ. ಇಂಟರ್ನಲ್ಸು, ಲ್ಯಾಬ್ ಎಕ್ಸಾಮು, ಆಮೇಲೆ ಥಿಯರಿ, ವ್ಯಾಲ್ಯುಯೇಷನ್ ಡ್ಯೂಟಿ, ಆ ವರ್ಷ ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಟೀಮ್ ಬೇರೆ ಬರೋದಿತ್ತು, ಸ್ಟಾಫ್ ರೂಮ್ ತುಂಬಾ ಫೈಲು, ಕೂರೋಕ್ಕೆ ಕುರ್ಚಿ ಇರ್ಲಿಲ್ಲ.

ನಾನು ಕೇಳಿದ ಮಾತು ಇದು: "ಸರ್, ನನ್ ಬಗ್ಗೆ ಒಳ್ಳೆ ಲೆಟರ್ ಬರೀಬಹುದು ಅಂತ ನಿಮಗನ್ಸಿದ್ರೆ ಮಾತ್ರ ಕೊಡಿ, ಇಲ್ಲಾಂದ್ರೆ ಬೇಜಾರಿಲ್ಲ, ಬೇರೆಯವರನ್ನ ಕೇಳ್ತೀನಿ." ಹೀಗೆ ಕೇಳೋದು ಮುಖ್ಯ ಕಣ್ರೀ, ಯಾಕಂದ್ರೆ ನಮ್ಮಲ್ಲಿ ಯಾವ ಮೇಷ್ಟ್ರೂ ಇಲ್ಲ ಅನ್ನಲ್ಲ, ದಾಕ್ಷಿಣ್ಯಕ್ಕೆ ಆಯ್ತಪ್ಪ ಅಂದ್ಬಿಡ್ತಾರೆ, ಆಮೇಲೆ ನಾಲ್ಕು ಸಾಲು ಬರ್ದು ಕೈ ತೊಳ್ಕೊಳ್ತಾರೆ. ಇಲ್ಲ ಅನ್ನೋಕ್ಕೆ ನಾವೇ ಒಂದು ದಾರಿ ಬಿಟ್ಕೊಡ್ಬೇಕು.

ಸರ್ ಕೂಡ ಮೊದಲು "ಡ್ರಾಫ್ಟ್ ತಂದಿದೀಯಾ" ಅಂತಾನೇ ಕೇಳಿದ್ರು. ನಾನು ಡ್ರಾಫ್ಟ್ ಬದ್ಲು ಒಂದು ಹಾಳೆ ಕೊಟ್ಟೆ. ಯಾವ ಸೆಮ್ಮಲ್ಲಿ ಅವರು ನಮಗೆ ಏನು ತಗೊಂಡಿದ್ರು, ನನ್ ಮಾರ್ಕ್ಸ್ ಎಷ್ಟು, ಪ್ರಾಜೆಕ್ಟಲ್ಲಿ ಯಾವ ಭಾಗ ನಾನು ಮಾಡಿದ್ದು ಯಾವುದು ಟೀಮ್ ಮಾಡಿದ್ದು, ಈಗ ಆಫೀಸಲ್ಲಿ ಏನ್ ಕೆಲ್ಸ, ಮುಂದೆ ಏನ್ ಓದ್ಬೇಕು ಅಂತಿದೀನಿ. ಜೊತೆಗೆ ಮಾರ್ಕ್ಸ್ ಕಾರ್ಡ್ ಜೆರಾಕ್ಸ್, ರೆಸ್ಯೂಮೆ, ಮತ್ತೆ ಆ ಹಳೇ ಲ್ಯಾಬ್ ರೆಕಾರ್ಡ್ ಪುಟದ ಫೋಟೋ. "ಸರ್, ಬರೆಯೋದು ನೀವೇ ಬರೀರಿ, ನೆನಪಾಗ್ಲಿ ಅಂತ ಇದು" ಅಂದೆ. ಫೋಟೋ ನೋಡಿ ನಕ್ಕು "ಇದ್ನ ಇನ್ನೂ ಇಟ್ಕೊಂಡಿದೀಯೇನೋ" ಅಂದ್ರು. ಇಂಗ್ಲಿಷಲ್ಲಿ ಬರೆಯೋಕ್ಕೆ ಅವರಿಗೂ ಸ್ವಲ್ಪ ಹಿಂಜರಿಕೆ ಇತ್ತು ಅನ್ಸುತ್ತೆ. ದೊಡ್ಡ ಇಂಗ್ಲಿಷ್ ಬೇಡ ಸರ್, ಆಗಿದ್ದು ಆದಂಗೆ ಬರೆದ್ರೆ ಸಾಕು ಅಂತ ಹೇಳ್ದೆ, ಹೇಳ್ಬಾರ್ದಿತ್ತೇನೋ, ಆದ್ರೆ ಅವರು ತಪ್ಪು ತಿಳ್ಕೊಳ್ಲಿಲ್ಲ.

ಎಚ್‌ಓಡಿ ಹತ್ರ ಮತ್ತೆ ಹೋಗಿ, "ಸರ್, ಲೆಟರ್ ಬೇರೆ ಕಡೆ ಆಯ್ತು, ಥ್ಯಾಂಕ್ಸ್" ಅಂತ ಹೇಳಿ ಬಂದೆ. ಅವರಿಗೂ ಒಂದು ಕೆಲ್ಸ ಕಮ್ಮಿ ಆಯ್ತು ಅನ್ನೋ ಖುಷಿ ಮುಖದಲ್ಲಿತ್ತು.

ಇನ್ನು ಪೋರ್ಟಲ್ ಅನ್ನೋ ದೊಡ್ಡ ಗೋಳು. ಪ್ರಿಂಟ್ ಹಾಕಿ ಕವರಲ್ಲಿಟ್ಟು ಸೀಲ್ ಹಾಕಿ ಕೊಡೋದೆಲ್ಲಾ ಹಳೇ ಕಾಲ, ಈಗ ನಾವು ಅಪ್ಲಿಕೇಶನಲ್ಲಿ ಮೇಷ್ಟ್ರ ಹೆಸರು, ಮೇಲ್ ಐಡಿ ಕೊಡ್ಬೇಕು, ಅವರಿಗೆ ಸೀದಾ ಲಿಂಕ್ ಹೋಗುತ್ತೆ. ಐಡಿ ಕಾಲೇಜಿಂದೇ ಆಗಿದ್ರೆ ಒಳ್ಳೇದು, ಜಿಮೇಲ್ ಆದ್ರೆ ಅನುಮಾನ. ಸರ್‌ಗೆ ಕಾಲೇಜ್ ಐಡಿ ಇತ್ತು, ಪಾಸ್‌ವರ್ಡ್ ಮರ್ತು ಯಾವ ಕಾಲ ಆಗಿತ್ತೋ. ಸಿಸ್ಟಮ್ ಅಡ್ಮಿನ್ ಹುಡುಕಿ ರಿಸೆಟ್ ಮಾಡ್ಸೋಕ್ಕೆ ನಾಲ್ಕು ದಿನ. ಮೇಡಂ ಕಥೆ ಬೇರೆ, ಅವರು ಅಷ್ಟರಲ್ಲಿ ಬೇರೆ ಕಾಲೇಜಿಗೆ ಹೋಗಿದ್ರು, ಹಳೇ ಐಡಿ ಸತ್ತೋಗಿತ್ತು. ಹೊಸ ಕಾಲೇಜಿನ ಐಡಿನೇ ಕೊಟ್ಟು, ಇವನಿಗೆ ಪಾಠ ಮಾಡಿದ್ದು ಇಂಥಾ ಕಾಲೇಜಲ್ಲಿದ್ದಾಗ ಅಂತ ಲೆಟರಲ್ಲಿ ಮೊದಲನೇ ಸಾಲಲ್ಲೇ ಬರೆದ್ರು.

ಏಳು ಯೂನಿವರ್ಸಿಟಿ, ಮೂರು ಮೂರು ಲೆಟರ್, ಒಟ್ಟು 21 ಅಪ್‌ಲೋಡ್. ಲಿಂಕ್‌ಗಳನ್ನ ಒಂದೊಂದಾಗಿ ದಿನಕ್ಕೊಂದು ಕಳ್ಸಿದ್ರೆ ಅವರಿಗೆ ಪ್ರಾಣ ಹೋಗುತ್ತೆ, ಅದಕ್ಕೆ ಏಳನ್ನೂ ಒಂದೇ ದಿನ ಕಳ್ಸಿ, ಫೋನ್ ಮಾಡಿ "ಸರ್, ಏಳು ಮೇಲ್ ಬಂದಿರುತ್ತೆ, ಸ್ಪ್ಯಾಮಲ್ಲೂ ನೋಡಿ" ಅಂದೆ. ಎರಡು ಸ್ಪ್ಯಾಮಲ್ಲೇ ಇತ್ತು. ಲೆಟರ್ ಜೊತೆಗೆ ಒಂದು ಟೇಬಲ್ ಬೇರೆ ತುಂಬ್ಬೇಕು, ಈ ಹುಡುಗ ಟಾಪ್ 5 ಪರ್ಸೆಂಟಾ, 10 ಪರ್ಸೆಂಟಾ, 25 ಪರ್ಸೆಂಟಾ ಅಂತ. ಸರ್ ಫೋನ್ ಮಾಡಿ "ನಿಮ್ ಕ್ಲಾಸಲ್ಲಿ ಅರವತ್ತು ಜನ ಇದ್ರಲ್ಲ, ಬರವಣಿಗೇಲಿ ನಿನ್ನ ಎಷ್ಟನೇಯವನು ಅಂತ ಹಾಕ್ಲೋ" ಅಂತ ನನ್ನನ್ನೇ ಕೇಳಿದ್ರು! ನಿಮ್ಗೆ ಅನ್ಸಿದ್ದು ಹಾಕಿ ಸರ್ ಅಂತ ಫೋನ್ ಇಟ್ಟೆ. ಎಲ್ಲದಕ್ಕೂ ಟಾಪ್ ಅಂತ ಟಿಕ್ ಹಾಕಿರೋ ಫಾರ್ಮ್ ನಾನಾಗಿದ್ರೂ ನಂಬ್ತಿರ್ಲಿಲ್ಲ.

ಇನ್ನೊಂದು ಬಾಕ್ಸ್ ಇರುತ್ತೆ, ವೇವರ್ ಅಂತ. ಅಮೆರಿಕದಲ್ಲಿ ಫೆರ್ಪಾ ಅಂತ 1974ರ ಕಾನೂನು, ಅದ್ರ ಪ್ರಕಾರ ಅಲ್ಲಿ ಸೇರಿದ ಸ್ಟೂಡೆಂಟ್ ತನ್ನ ಫೈಲಲ್ಲಿರೋ ಈ ಲೆಟರ್‌ನೂ ಕೇಳಿ ನೋಡ್ಬಹುದು. ಆ ಹಕ್ಕು ಬೇಡ ಅಂತ ನಾವು ಮೊದಲೇ ಬಿಟ್ಕೊಡ್ತೀವಾ ಅಂತ ಕೇಳ್ತಾರೆ. ನಾನು ಬಿಟ್ಕೊಟ್ಟೆ. ಹುಡುಗ ನೋಡಲ್ಲ ಅಂತ ಗೊತ್ತಿದ್ರೇನೇ ಮೇಷ್ಟ್ರು ಮನಸ್ಸಲ್ಲಿರೋದು ಬರೀತಾರೆ, ಓದೋರೂ ನಂಬ್ತಾರೆ. ಅದಕ್ಕೇ ಆ ಲೆಟರಲ್ಲಿ ಏನಿದೆ ಅಂತ ಇವತ್ತಿಗೂ ಪೂರ್ತಿ ನಂಗೊತ್ತಿಲ್ಲ.

ಡೇಟ್ ವಿಷ್ಯದಲ್ಲಿ ಒಂದು ಕಿತಾಪತಿ ಮಾಡಿದ್ದೆ. ಡಿಸೆಂಬರ್ 15 ರಾತ್ರಿ 11:59 ಈಸ್ಟರ್ನ್ ಟೈಮ್ ಅಂದ್ರೆ ನಮಗೆ 16ನೇ ತಾರೀಖು ಬೆಳಗ್ಗೆ 10:29. ನಾನು ಎಲ್ರಿಗೂ ಡಿಸೆಂಬರ್ 10 ಅಂತ ಹೇಳಿದ್ದೆ. ಡಿಸೆಂಬರ್ 1ಕ್ಕೆ ಒಂದು ಮೆಸೇಜು, 8ಕ್ಕೆ ಒಂದು ಫೋನು, ಅಷ್ಟೇ, ದಿನಾ ಗುಡ್ ಮಾರ್ನಿಂಗ್ ಸರ್ ಅಂತ ಕಳ್ಸಿ ಪೀಡಿಸ್ಲಿಲ್ಲ. ಸರ್ 9ಕ್ಕೇ ಮುಗಿಸಿದ್ರು. ಮೇಡಂ ಮನೇಲಿ ಯಾರಿಗೋ ಹುಷಾರಿಲ್ದೆ ಒಂದು ಯೂನಿವರ್ಸಿಟಿದು 17ಕ್ಕೆ ಹೋಯ್ತು. ನಾನು ಅಲ್ಲಿನ ಡಿಪಾರ್ಟ್‌ಮೆಂಟ್ ಆಫೀಸಿಗೆ ಮೇಲ್ ಹಾಕಿ ಕಾರಣ ಹೇಳ್ದೆ, ತಗೊಂಡ್ರು. ಎಲ್ಲಾ ಕಡೆ ತಗೊಳ್ತಾರೆ ಅಂತ ನಂಬ್ಕೊಂಡು ಕೂರ್ಬೇಡಿ.

ಏಳರಲ್ಲಿ ನಾಲ್ಕು ರಿಜೆಕ್ಟ್ ಆಯ್ತು, ಮೂರು ಬಂತು. ರಿಜೆಕ್ಟ್ ಆದಾಗ್ಲೂ ಮೂರೂ ಜನಕ್ಕೆ ಹೇಳ್ದೆ, ಯಾಕಂದ್ರೆ ತುಂಬಾ ಜನ ಲೆಟರ್ ತಗೊಂಡ್ಮೇಲೆ ಪತ್ತೇನೇ ಇರಲ್ಲ, ಆಮೇಲೆ ಜೂನಿಯರ್ಸ್ ಹೋಗಿ ಕೇಳಿದ್ರೆ ಮೇಷ್ಟ್ರಿಗೆ ಯಾಕ್ ಬರೀಬೇಕು ಅನ್ಸುತ್ತೆ. ಹೊರಡೋ ಮುಂಚೆ ಸರ್‌ಗೆ ಒಂದು ಪೆನ್ ತಗೊಂಡ್ ಹೋಗಿದ್ದೆ, ಬೈದು ವಾಪಸ್ ಕೊಟ್ರು, ಕಾಲೇಜ್ ಎದುರು ಮಂಡಕ್ಕಿ ಮಿರ್ಚಿ ತಿನ್ನೋಣ ಬಾ ಅಂತ ಕರ್ಕೊಂಡ್ ಹೋಗಿ ದುಡ್ಡೂ ಅವರೇ ಕೊಟ್ರು.

ಇಲ್ಲಿ ಸೇರಿ ಎರಡು ತಿಂಗಳಾದ್ಮೇಲೆ ಒಂದ್ ಭಾನುವಾರ ಫೋನ್ ಮಾಡಿದ್ದೆ. ಊಟ, ಚಳಿ, ರೂಮು ಎಲ್ಲಾ ವಿಚಾರ್ಸಿ ಆದ್ಮೇಲೆ "ಅಲ್ಲಿ ಬಿಒಡಿ ಎಷ್ಟು ಡಿಗ್ರೀಲಿ ಇಡ್ತಾರೋ" ಅಂತ ಕೇಳಿದ್ರು.

"20 ಡಿಗ್ರಿ ಸರ್, 5 ದಿನ."

"ಕರೆಂಟ್ ಹೋಗುತ್ತಾ?"

"ಇನ್ನೂ ಹೋಗಿಲ್ಲ ಸರ್."

"ನಮ್ದು ಮೂರೇ ದಿನಕ್ಕಾಗುತ್ತೆ ಬಿಡು" ಅಂದ್ರು.