ಚರಂಡಿ ನೀರು ಕುಡಿದ ಮಣ್ಣು: ಬೇರು ಅಗೆದು ನೋಡಿದಾಗ ಕಂಡಿದ್ದು

ನಮ್ಮ ಹೊಲದ ಒಂದು ತಾಕಿಗೆ ಚರಂಡಿ ನೀರು, ಪಕ್ಕದ್ದಕ್ಕೆ ಬಾವಿ ನೀರು ಹಾಯುತ್ತದೆ. ಮಣ್ಣು ಒಂದೇ, ಬೆಳೆ ಒಂದೇ. ಹಾಗಾಗಿ ಎರಡನ್ನೂ ಹೋಲಿಸಿ ನೋಡುವುದು ಸುಲಭವಾಯಿತು.

ಮೊದಲು ಬಣ್ಣ ಹಾಕದ ಹತ್ತಿ ಬಟ್ಟೆಯ ತುಂಡುಗಳನ್ನು ಎರಡೂ ಕಡೆ ಒಂದೇ ಆಳದಲ್ಲಿ ಹೂತೆ. ತೆಗೆದು ನೋಡಿದಾಗ ಚರಂಡಿ ನೀರಿನ ಕಡೆಯದು ಜಾಸ್ತಿ ಕೊಳೆತಿತ್ತು. ಆ ನೀರಲ್ಲಿ ಕರಗಿದ ಸಾವಯವ ಇಂಗಾಲ, ಸಾರಜನಕ, ರಂಜಕ ಎಲ್ಲಾ ಇರುತ್ತದೆ. ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಅದು ಪುಕ್ಕಟೆ ಊಟ. ಇಷ್ಟಕ್ಕೇ ಮಣ್ಣು ಚೆನ್ನಾಗಿದೆ ಅಂತ ಖುಷಿಪಡುವವರಿದ್ದಾರೆ. ನನಗೆ ಸಮಾಧಾನವಾಗಲಿಲ್ಲ. ಬಟ್ಟೆಯಿಂದ ಗೊತ್ತಾಗುವುದು ಕೊಳೆಸುವ ಜೀವಿಗಳ ಚುರುಕು ಮಾತ್ರ ಅಲ್ವಾ?

ಹಾಗಾಗಿ ಅಲಸಂದೆಯ ಬೇರು ನೋಡಿದೆ. ಗಿಡ ಕಿತ್ತರೆ ಬೇರಿನ ಮೇಲಿನ ಸಣ್ಣ ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ಆದ್ದರಿಂದ ಮಣ್ಣು ಸಮೇತ ಅಗೆದು, ನೀರಲ್ಲಿ ನೆನೆಸಿ, ಮೆಲ್ಲಗೆ ತೊಳೆಯಬೇಕು. ಎಳೆ ಗಂಟು ಹೇಗೂ ಬೆಳ್ಳಗಿರುತ್ತದೆ, ಅದಕ್ಕೇ ಹೂ ಬರುವವರೆಗೆ ಕಾದೆ. ಗಂಟನ್ನು ಉಗುರಲ್ಲಿ ಸೀಳಿದಾಗ ಒಳಗೆ ಗುಲಾಬಿ ಬಣ್ಣ ಕಂಡರೆ ಅದರಲ್ಲಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿದೆ ಅಂತ ಅರ್ಥ. ಬಾವಿ ನೀರಿನ ಕಡೆ ಹಾಗೇ ಇತ್ತು. ಚರಂಡಿ ನೀರಿನ ಕಡೆ ಗಂಟುಗಳೇ ಕಡಿಮೆ, ಇದ್ದವೂ ಸಣ್ಣವು, ಸುಮಾರು ಬೆಳ್ಳಗಿದ್ದವು.

ಇದಕ್ಕೆ ಕಾರಣ ಎರಡಿರಬಹುದು. ನೀರಲ್ಲೇ ಸಾರಜನಕ ಧಾರಾಳವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಇದನ್ನು ಸರಿಮಾಡಬಹುದು. ಇನ್ನೊಂದು, ಕ್ಯಾಡ್ಮಿಯಂ, ಸತುವಿನಂಥ ಭಾರ ಲೋಹ. ಅವು ಮೇಲ್ಮಣ್ಣಿಗೆ ಅಂಟಿಕೊಂಡು ಕೂರುತ್ತವೆ, ಕೊಳೆತು ಹೋಗುವುದಿಲ್ಲ. ರೈಜೋಬಿಯಂನ ಕೆಲವು ಬಗೆಗಳು ಅವನ್ನು ತಾಳುವುದಿಲ್ಲ. ಇವೆರಡರಲ್ಲಿ ಯಾವುದು ಅಂತ ಬೇರು ನೋಡಿ ಹೇಳಲಾಗದು. ಮಣ್ಣು, ನೀರು ಎರಡನ್ನೂ ಪ್ರಯೋಗಾಲಯಕ್ಕೆ ಕೊಟ್ಟೆ. ಲೋಹ ಮಿತಿಯೊಳಗಿತ್ತು, ನೈಟ್ರೇಟ್ (ಗಿಡ ಹೀರುವ ಸಾರಜನಕದ ರೂಪ) ಜಾಸ್ತಿ ಇತ್ತು. ನೀರಲ್ಲಿ ಎಷ್ಟು ಉಪ್ಪಿದೆ ಅಂತ ತೋರಿಸುವ ವಿದ್ಯುತ್ ವಾಹಕತೆ ಮೀಟರಿಗೆ 0.7 ಡೆಸಿಸೀಮನ್ಸ್ ದಾಟಿತ್ತು. ಅದರಿಂದ ಮೇಲೆ ಉಪ್ಪಿನ ಬಗ್ಗೆ ಎಚ್ಚರ ಬೇಕು, 3 ದಾಟಿದರೆ ತುಂಬಾ ಕಷ್ಟ. ಸೋಡಿಯಂ ಹೆಚ್ಚಾದರೆ ಜೇಡಿ ಕದಡಿ ಮಣ್ಣಿನ ರಂಧ್ರ ಮುಚ್ಚುತ್ತದೆ. ಗಾಳಿಯಾಡದ ಕಡೆ ಬೇರೆ ಬ್ಯಾಕ್ಟೀರಿಯಾಗಳು ಎದ್ದು, ನೈಟ್ರೇಟನ್ನು ಅನಿಲ ಮಾಡಿ ಹಾರಿಸಿಬಿಡುತ್ತವೆ.

ಈಗ ನೀರನ್ನು ಹೊಂಡದಲ್ಲಿ ನಿಲ್ಲಿಸಿ, ಗಸಿ ತಳ ಸೇರಿದ ಮೇಲೆ ಬಿಡುತ್ತೇನೆ. ಒಂದು ಸರದಿ ಚರಂಡಿ ನೀರು, ಮುಂದಿನದು ಬಾವಿ ನೀರು. ಯೂರಿಯಾ ಆ ತಾಕಿಗೆ ಹಾಕುವುದೇ ಇಲ್ಲ. ಹಸಿಯಾಗಿ ತಿನ್ನುವ ತರಕಾರಿ ಅಲ್ಲಿ ಬೆಳೆಯುವುದಿಲ್ಲ. ಜಂತುಹುಳುವಿನ ಮೊಟ್ಟೆ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಹೊಂಡ ದಾಟಿ ಒಂದಷ್ಟು ಬಂದೇ ಬರುತ್ತವೆ. ಅದಕ್ಕೇ ಬೇರು ಅಗೆಯುವಾಗಲೂ ಗಂಬೂಟು, ಕೈಗವಸು ಬಿಡುವುದಿಲ್ಲ.