ತಗಡಿನ ಡಬ್ಬಿಯೊಳಗೆ ಸರ್ಕ್ಯೂಟ್ ಬೋರ್ಡ್ ಕೂರಿಸುವುದು ಹೇಗೆ?

ಮೇಜಿನ ಮೇಲೆ ಚೆನ್ನಾಗಿ ಓಡಿದ ಸರ್ಕ್ಯೂಟು ಡಬ್ಬಿಗೆ ಹಾಕಿದ ತಕ್ಷಣ ಸತ್ತುಹೋಗುವುದುಂಟು. ಕಾರಣ ಸರ್ಕ್ಯೂಟಿನಲ್ಲಿ ಇರುವುದಿಲ್ಲ, ಡಬ್ಬಿಯಲ್ಲಿ ಇರುತ್ತದೆ. ಲೋಹದ ಡಬ್ಬಿ ಗಟ್ಟಿ, ಬಿಸಿಯನ್ನು ಹೊರಗೆ ಹರಡುತ್ತದೆ, ಸ್ಪೀಕರಿನಲ್ಲಿ ಗೊರಗೊರ ಅನ್ನಿಸುವ ಹೊರಗಿನ ವಿದ್ಯುತ್ ಅಡಚಣೆಯನ್ನು ತಡೆಯುತ್ತದೆ. ಆದರೆ ಏನಾದರೂ ತಾಗಿದರೆ ಅದರ ಮೈಯೆಲ್ಲಾ ಕರೆಂಟು ಹರಿಯಬಲ್ಲದು ಅಲ್ವಾ? ಹಾಗಾಗಿ ಯಾವುದು ಡಬ್ಬಿಗೆ ತಾಗಬೇಕು, ಯಾವುದು ತಾಗಲೇಬಾರದು ಅನ್ನುವುದನ್ನು ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲೇ ತೀರ್ಮಾನ ಮಾಡಿ.

ಮೊದಲು ಅಳತೆ. ಬೋರ್ಡಿನ ಮೇಲಿನ ಅತಿ ಎತ್ತರದ ಭಾಗ, ಸಾಮಾನ್ಯವಾಗಿ ದೊಡ್ಡ ಕೆಪಾಸಿಟರ್, ಎಷ್ಟಿದೆ ನೋಡಿ. ಅದಕ್ಕೆ ಸ್ಪೇಸರ್, ಅಂದರೆ ಬೋರ್ಡನ್ನು ತಳದಿಂದ ಮೇಲೆತ್ತಿ ಹಿಡಿಯುವ ಗಿಡ್ಡ ಕಂಬದ ಎತ್ತರ ಸೇರಿಸಿ. ಮುಚ್ಚಳ ಹಾಕಿದ ಮೇಲೂ ಒಂದಿಷ್ಟು ಜಾಗ ಉಳಿಯಬೇಕು. ಪವರ್ ಸಾಕೆಟ್ಟು, ಸ್ವಿಚ್ಚು ಡಬ್ಬಿಯ ಒಳಗೆ ಎಷ್ಟು ಚಾಚುತ್ತವೆ ಅನ್ನುವುದನ್ನು ಜಾಸ್ತಿ ಜನ ಮರೆಯುತ್ತಾರೆ, ಅದನ್ನೂ ಅಳೆಯಿರಿ.

ತೂತು ಗುರುತು ಮಾಡಲು ಬೋರ್ಡಿನ ವಿನ್ಯಾಸವನ್ನು 100 ಪರ್ಸೆಂಟ್ ಸ್ಕೇಲಿನಲ್ಲಿ ಪ್ರಿಂಟ್ ತೆಗೆಯಿರಿ, ಸ್ಕೇಲ್ ಇಟ್ಟು ಅಳತೆ ಸರಿಯಿದೆಯಾ ನೋಡಿ, ಆಮೇಲೆ ಆ ಕಾಗದವನ್ನು ಡಬ್ಬಿಯ ತಳಕ್ಕೆ ಅಂಟಿಸಿ. ಪ್ರತಿ ಗುರುತಿನ ಮೇಲೂ ಸೆಂಟರ್ ಪಂಚ್ (ಚೂಪು ತುದಿಯ ಉಕ್ಕಿನ ಕಡ್ಡಿ) ಇಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿ. ಇಲ್ಲದಿದ್ದರೆ ಡ್ರಿಲ್ ಬಿಟ್ ಜಾರಿ ತೂತು ಪಕ್ಕಕ್ಕೆ ಹೋಗುತ್ತದೆ. ಮೊದಲು 2 ಮಿ.ಮೀ. ಬಿಟ್, ನಂತರ ಎಂ3 (3 ಮಿ.ಮೀ. ದಪ್ಪದ) ಸ್ಕ್ರೂಗೆ ಬೇಕಾದ 3.2 ಮಿ.ಮೀ. ನಾಲ್ಕರಲ್ಲಿ ಎರಡು ತೂತನ್ನು 3.5 ಮಿ.ಮೀ. ಮಾಡಿದರೆ ಸಣ್ಣಪುಟ್ಟ ವ್ಯತ್ಯಾಸ ಹೊಂದಿಕೊಳ್ಳುತ್ತದೆ. ತೆಳು ತಗಡನ್ನು ಕೈಯಲ್ಲಿ ಹಿಡಿದು ಕೊರೆಯಲೇಬೇಡಿ. ಬಿಟ್ ಕಚ್ಚಿಕೊಂಡು ತಗಡು ಗಿರ್ರನೆ ತಿರುಗಿದರೆ ಬೆರಳು ಹೋಗುತ್ತದೆ. ಕೆಳಗೆ ಮರದ ತುಂಡು ಇಟ್ಟು ಕ್ಲ್ಯಾಂಪ್ ಹಾಕಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಮುಂದಿನ ಪ್ಯಾನೆಲ್ಲಿನ ತೂತುಗಳನ್ನೂ ಈಗಲೇ ಮುಗಿಸಿ. ದೊಡ್ಡವಕ್ಕೆ ಸ್ಟೆಪ್ ಡ್ರಿಲ್ (ಮೆಟ್ಟಿಲಿನಂತೆ ಅಗಲವಾಗುತ್ತಾ ಹೋಗುವ ಬಿಟ್) ಒಳ್ಳೆಯದು. ಆಮೇಲೆ ಅಂಚುಗಳನ್ನು ಅರದಿಂದ ಉಜ್ಜಿ, ಬ್ರಷ್ಷಿನಿಂದ ಚೂರನ್ನೆಲ್ಲ ಗುಡಿಸಿ. ಬೋರ್ಡನ್ನು ಒಳಗಿಟ್ಟುಕೊಂಡು ಇನ್ನೊಂದೇ ತೂತು ಕೊರೆಯೋಣ ಅಂತ ಮಾತ್ರ ಹೋಗಬೇಡಿ, ಕೂದಲಿನಷ್ಟು ಸಣ್ಣ ಲೋಹದ ಎಳೆಯೊಂದು ಐಸಿಯ (ಬೋರ್ಡಿನ ಮೇಲಿನ ಚಿಪ್ಪಿನ) ಎರಡು ಕಾಲುಗಳ ನಡುವೆ ಸಿಕ್ಕಿಕೊಂಡರೆ ಸಾಕು, ಶಾರ್ಟ್ ಆಗುತ್ತದೆ.

ಈಗ ಸ್ಪೇಸರ್. ಬೋರ್ಡಿನ ಕೆಳಗೆ ಚಾಚಿರುವ ಬಿಡಿಭಾಗಗಳ ಕಾಲುಗಳನ್ನು 2 ಮಿ.ಮೀ.ಗೆ ಕತ್ತರಿಸಿ 10 ಮಿ.ಮೀ. ಸ್ಪೇಸರ್ ಹಾಕಿದರೆ ನೆಮ್ಮದಿ. ಮೇನ್ಸ್ (ಗೋಡೆಯ ಪ್ಲಗ್ಗಿನ) ಕರೆಂಟು ಬರುವ ಬೋರ್ಡಾದರೆ ಆ ಭಾಗಕ್ಕೂ ಲೋಹಕ್ಕೂ ಕನಿಷ್ಠ 6 ಮಿ.ಮೀ. ಅಂತರ ಇರಲಿ, ಅಲ್ಲಿಗೆ ನೈಲಾನ್ ಸ್ಪೇಸರನ್ನೇ ಬಳಸಿ. ಸ್ಕ್ರೂ ತಲೆಯ ಸುತ್ತ ತಾಮ್ರದ ಗೆರೆ ಹಾದುಹೋಗಿದೆಯಾ ಅಂತಲೂ ನೋಡಿ. ಎಂ3 ವಾಷರ್ 7 ಮಿ.ಮೀ. ಅಗಲ ಇರುತ್ತದೆ, ಬಿಗಿ ಮಾಡುವಾಗ ಗೆರೆಯನ್ನು ಮುಚ್ಚಿರುವ ಹಸಿರು ಬಣ್ಣದ ಪದರ ಕಿತ್ತುಕೊಂಡು ಹೋಗಿ ತಾಮ್ರ ವಾಷರಿಗೆ ತಾಗಬಹುದು. ಡಬಲ್ ಟೇಪಿನಲ್ಲಿ ಬೋರ್ಡ್ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ, ಬಿಸಿಗೆ ಅದು ಬಿಟ್ಟುಕೊಳ್ಳುತ್ತದೆ.

ಆಂಪ್ಲಿಫೈಯರ್ ಮಾಡುವವರು ಇನ್ನೊಂದು ವಿಷಯ ಗಮನಿಸಬೇಕು. ಬೋರ್ಡಿನ ಗ್ರೌಂಡನ್ನು (ಸರ್ಕ್ಯೂಟಿನ ಸೊನ್ನೆ ವೋಲ್ಟಿನ ಗೆರೆಯನ್ನು) ಡಬ್ಬಿಗೆ ಒಂದೇ ಜಾಗದಲ್ಲಿ ಸೇರಿಸಿ. ನಾಲ್ಕು ಲೋಹದ ಸ್ಪೇಸರ್‌ಗಳೂ ಗ್ರೌಂಡಿಗೆ ತಾಗಿದರೆ ಕರೆಂಟಿಗೆ ಸುತ್ತುದಾರಿ ಹುಟ್ಟಿಕೊಂಡು ಸ್ಪೀಕರಿನಲ್ಲಿ ಹಮ್ ಅನ್ನುವ ಗುಂಯ್‌ಗುಡುವ ಸದ್ದು ಬರಬಹುದು.

ಬಿಸಿಯಾಗುವ ಟ್ರಾನ್ಸಿಸ್ಟರನ್ನು ಡಬ್ಬಿಯ ಗೋಡೆಗೇ ಬಿಗಿಯಬಹುದು. ಆದರೆ ಅದರ ಲೋಹದ ಬೆನ್ನು ಬಹಳಷ್ಟು ಸಲ ನಡುವಿನ ಕಾಲಿಗೆ ಸೇರಿರುತ್ತದೆ. ಆದ್ದರಿಂದ ಬೆನ್ನು ಡಬ್ಬಿಗೆ ತಾಗದಂತೆ ನಡುವೆ ಮೈಕಾ ಅಥವಾ ಸಿಲಿಕೋನ್ ಹಾಳೆ, ಜೊತೆಗೆ ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ (ಸಣ್ಣ ಕೊಳವೆ) ಹಾಕಬೇಕು. ಮೈಕಾ ಆದರೆ ಎರಡೂ ಕಡೆ ತೆಳುವಾಗಿ ಬಿಸಿ ದಾಟಿಸುವ ಹೀಟ್‌ಸಿಂಕ್ ಪೇಸ್ಟ್ ಹಚ್ಚಿ. ಮೊದಲು ಟ್ರಾನ್ಸಿಸ್ಟರ್ ಬಿಗಿದು ಆಮೇಲೆ ಅದರ ಕಾಲುಗಳಿಗೆ ಬೆಸುಗೆ ಹಾಕಿ, ಆಗ ಕಾಲುಗಳ ಮೇಲೆ ಎಳೆತ ಬೀಳುವುದಿಲ್ಲ.

ಇನ್ನು ಅರ್ಥಿಂಗ್. ಇದರಲ್ಲಿ ಯಾವ ರಾಜಿಯೂ ಬೇಡ. ಲೋಹದ ಡಬ್ಬಿಯೊಳಗೆ ಮೇನ್ಸ್ ಬಂದರೆ ಡಬ್ಬಿಗೆ ಅರ್ಥ್ ಬೇಕೇ ಬೇಕು, ಯಾಕೆಂದರೆ ಒಳಗೆ ಫೇಸ್ ವೈರು ಕಳಚಿ ತಗಡಿಗೆ ತಾಗಿದರೆ ಫ್ಯೂಸ್ ಹಾರಬೇಕೇ ಹೊರತು ಡಬ್ಬಿ ಮುಟ್ಟಿದವರಿಗೆ ಹೊಡೆಯಬಾರದು. ಇದಕ್ಕೆಂದೇ ಬೇರೆ ಬೋಲ್ಟ್ ಇಡಿ, ಬೋರ್ಡ್ ಹಿಡಿದ ಸ್ಕ್ರೂ ಬಳಸಬೇಡಿ. ಸುತ್ತಲಿನ ಪೇಂಟನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆಯಿರಿ. ಬೋಲ್ಟಿಗೆ ರಿಂಗ್ ಲಗ್ (ವೈರಿನ ತುದಿಯ ಲೋಹದ ಬಳೆ), ಹಲ್ಲಿರುವ ವಾಷರ್, ನಟ್ಟು, ಅದರ ಮೇಲೆ ಇನ್ನೊಂದು ನಟ್ಟು ಹಾಕಿ. ಅರ್ಥ್ ವೈರು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಇರಲಿ, ಕೇಬಲ್ ಯಾರಾದರೂ ಜಗ್ಗಿದರೆ ಕೊನೆಗೆ ಕಳಚುವುದು ಅದೇ ಆಗಬೇಕು. ಪೇಂಟ್ ಹೊಡೆದ ಮುಚ್ಚಳಕ್ಕೂ ಒಂದು ತುಂಡು ವೈರು ಎಳೆಯಿರಿ. ಕೇಬಲ್ ಒಳಬರುವಲ್ಲಿ ಕೇಬಲ್ ಗ್ಲ್ಯಾಂಡ್ (ಕೇಬಲನ್ನು ಬಿಗಿಯಾಗಿ ಹಿಡಿಯುವ ಬಿರಡೆ), ಫೇಸ್ ವೈರಿನಲ್ಲಿ ಫ್ಯೂಸ್ ಇರಲಿ.

ವೈಫೈ ಇರುವ ಬೋರ್ಡಾದರೆ ಆಂಟೆನಾ ಹೊರಗೆ ತನ್ನಿ, ಮುಚ್ಚಿದ ಲೋಹದೊಳಗಿಂದ ಸಿಗ್ನಲ್ ಬರುವುದು ಕಷ್ಟ.

ಪ್ಲಗ್ ಹಾಕುವ ಮುನ್ನ ಮಲ್ಟಿಮೀಟರ್ ತೆಗೆದುಕೊಳ್ಳಿ. ಪ್ಲಗ್ಗಿನ ಅರ್ಥ್ ಪಿನ್ನಿಂದ ಡಬ್ಬಿಗೆ 1 ಓಮ್‌ಗಿಂತ ಕಡಿಮೆ ತೋರಿಸಬೇಕು. ಪ್ಲಗ್ ಇನ್ನೂ ಹೊರಗಿರುವಾಗಲೇ ಡಬ್ಬಿಯ ಸ್ವಿಚ್ ಆನ್ ಮಾಡಿಟ್ಟು, ಮೀಟರನ್ನು ಬೀಪ್ ಅನ್ನುವ ಸ್ಥಾನಕ್ಕೆ ತಿರುಗಿಸಿ ಫೇಸ್ ಪಿನ್ನಿಂದ ಡಬ್ಬಿಗೆ, ನ್ಯೂಟ್ರಲ್ ಪಿನ್ನಿಂದ ಡಬ್ಬಿಗೆ ನೋಡಿ, ಬೀಪ್ ಬರಲೇಬಾರದು. ಟ್ರಾನ್ಸಿಸ್ಟರ್ ಬೆನ್ನಿನಿಂದ ಡಬ್ಬಿಗೂ ಇದೇ ಪರೀಕ್ಷೆ. ಟ್ರಾನ್ಸ್‌ಫಾರ್ಮರ್ ಇರುವ ಸರ್ಕ್ಯೂಟನ್ನು ಮೊದಲ ಸಲ 60 ವ್ಯಾಟಿನ ಹಳೇ ಮಾದರಿ (ತಂತಿ ಉರಿಯುವ) ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ಫೇಸ್ ವೈರು ಬಲ್ಬಿನ ಮೂಲಕವೇ ಹಾದು ಬರುವಂತೆ ಹಾಕಿ ಆನ್ ಮಾಡಿ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ತಕ್ಷಣ ಪ್ಲಗ್ ಕಿತ್ತು ಶಾರ್ಟ್ ಎಲ್ಲಿದೆ ಹುಡುಕಿ. ಒಂದು ಗಂಟೆ ಓಡಿಸಿದ ಮೇಲೆ ಪ್ಲಗ್ ತೆಗೆದು, ಕೆಪಾಸಿಟರ್‌ನಲ್ಲಿ ಉಳಿದ ಚಾರ್ಜ್ ಇಳಿದಿದೆಯಾ ಅಂತ ಮೀಟರಿನಲ್ಲಿ ನೋಡಿಕೊಂಡು, ಎಲ್ಲ ಸ್ಕ್ರೂಗಳನ್ನೂ ಇನ್ನೊಮ್ಮೆ ಬಿಗಿ ಮಾಡಿ.