ಪೆಟ್ಟಿಗೆ ಸೊಟ್ಟಗಾಗುವುದು ಎಲ್ಲಿ?

ಚಿತ್ರ ಕಲಿಯಲು ಹೊರಟವರು ಮೊದಲ ದಿನವೇ ಮುಖ ಬಿಡಿಸಲು ಕೂರುತ್ತಾರೆ. ಮುಖ ಸರಿ ಬರಲಿಲ್ಲ ಎಂದು ಗೊತ್ತಾಗುತ್ತದೆ, ಎಲ್ಲಿ ಕೆಟ್ಟಿತು ಎಂದು ಗೊತ್ತಾಗುವುದಿಲ್ಲ. ಪೆಟ್ಟಿಗೆ ಹಾಗಲ್ಲ. ಯಾವ ಗೆರೆ ಜಾರಿತು, ಯಾವ ಕಡೆಗೆ ಜಾರಿತು ಎಂಬುದನ್ನು ಸ್ಕೇಲು ಇಟ್ಟು ಎರಡು ನಿಮಿಷದಲ್ಲಿ ಹಿಡಿಯಬಹುದು. ಪರ್ಸ್ಪೆಕ್ಟಿವ್, ಅಂದರೆ ದೂರ ಹೋದಂತೆ ವಸ್ತು ಕಿರಿದಾಗಿ ಕಾಣುವುದನ್ನು ಹಾಳೆಯಲ್ಲಿ ತೋರಿಸುವ ರೀತಿ; ಅದರ ಅಭ್ಯಾಸ ಪೆಟ್ಟಿಗೆಯಿಂದ ಶುರುವಾಗುವುದು ಅದಕ್ಕೇ.

ಎದುರಿಗೆ ಇಟ್ಟುಕೊಳ್ಳಲು 15 ಕೆ.ಜಿ. ಎಣ್ಣೆ ಡಬ್ಬ ಒಳ್ಳೆಯ ಮಾದರಿ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಸೀಮೆಯಲ್ಲಿ ಖಾಲಿ ಡಬ್ಬಕ್ಕೆ ಬರವಿಲ್ಲ; ದಾವಣಗೆರೆಯಲ್ಲಾದರೆ ಬೆಣ್ಣೆದೋಸೆ ಹೋಟೆಲಿನವರನ್ನು ಕೇಳಿದರೂ ಸಿಗುತ್ತದೆ. ತಳ ಚೌಕ, ಎತ್ತರ ತಳದ ಸುಮಾರು ಒಂದೂವರೆ ಪಟ್ಟು. ಬೆಂಕಿಪೊಟ್ಟಣ ಮಾತ್ರ ಬೇಡ. ಅಷ್ಟು ಸಣ್ಣ ವಸ್ತುವನ್ನು ಮೇಜಿನ ಮೇಲಿಟ್ಟು ನೋಡಿದರೆ ಅದರ ಗೆರೆಗಳು ಒಂದರತ್ತ ಒಂದು ವಾಲುವುದು ಕಣ್ಣಿಗೆ ಬೀಳುವುದೇ ಇಲ್ಲ.

ಬೇಕಾದದ್ದು ಎ4 ಹಾಳೆ, ಎರಡು ಬಣ್ಣದ ಬಾಲ್ ಪೆನ್ನು, 60 ಸೆಂ.ಮೀ. ಸ್ಕೇಲು. ಸ್ಕೇಲು ಇಲ್ಲದಿದ್ದರೆ ಗಾರೆ ಕೆಲಸದವರಂತೆ ದಾರ ಎಳೆದು ಹಿಡಿದರೂ ನಡೆಯುತ್ತದೆ. ಪೆನ್ಸಿಲ್ಲು, ರಬ್ಬರು ಈ ಅಭ್ಯಾಸಕ್ಕೆ ಅಡ್ಡಿ: ಅಳಿಸಿದ ತಪ್ಪಿನಿಂದ ಏನೂ ಕಲಿಯಲಾಗದು.

ಮೊದಲು ಕಣ್ಣಮಟ್ಟ. ನಿಮ್ಮ ಕಣ್ಣು ಇರುವ ಎತ್ತರದಲ್ಲೇ ಚಿತ್ರದಲ್ಲಿ ಅಡ್ಡಲಾಗಿ ಓಡುವ ಗೆರೆ ಅದು. ಡಬ್ಬ ಅದರ ಕೆಳಗಿದ್ದರೆ ಮುಚ್ಚಳ ಕಾಣುತ್ತದೆ, ಮೇಲಿದ್ದರೆ ತಳ ಕಾಣುತ್ತದೆ, ಗೆರೆ ಡಬ್ಬದ ನಡುವೆಯೇ ಹಾದರೆ ಎರಡೂ ಕಾಣುವುದಿಲ್ಲ. ನೀವು ನಿಂತರೆ ಕಣ್ಣಮಟ್ಟ ಏರುತ್ತದೆ, ಕೂತರೆ ಇಳಿಯುತ್ತದೆ. ಚಿತ್ರದ ನಡುವೆ ಎದ್ದು ನೀರು ಕುಡಿದು ಬಂದು ಬೇರೆ ಎತ್ತರದ ಸ್ಟೂಲಿನಲ್ಲಿ ಕೂತವರ ಡಬ್ಬಕ್ಕೆ ಮುಚ್ಚಳ ಒಂದು ಕಡೆ, ತಳ ಇನ್ನೊಂದು ಕಡೆ!

ಇನ್ನು ವ್ಯಾನಿಶಿಂಗ್ ಪಾಯಿಂಟ್. ಇಲ್ಲಿ ಕೂಡುಬಿಂದು ಎನ್ನೋಣ. ನಿಜದಲ್ಲಿ ಸಮಾನಾಂತರವಾಗಿದ್ದು ನಿಮ್ಮಿಂದ ದೂರ ಸರಿಯುವ ಗೆರೆಗಳೆಲ್ಲ ಚಿತ್ರದಲ್ಲಿ ಒಂದೇ ಬಿಂದುವಿನತ್ತ ಹೋಗುತ್ತವೆ. ಮೂಲೆ ನಿಮ್ಮತ್ತ ತಿರುಗಿರುವಂತೆ ಇಟ್ಟ ಡಬ್ಬಕ್ಕೆ ಎಡಕ್ಕೊಂದು, ಬಲಕ್ಕೊಂದು ಕೂಡುಬಿಂದು. ಎರಡೂ ಕಣ್ಣಮಟ್ಟದ ಗೆರೆಯಲ್ಲೇ ಇರಬೇಕು. ನಿಂತ ಗೆರೆಗಳನ್ನು ಸದ್ಯಕ್ಕೆ ನೆಟ್ಟಗೇ ಬಿಡಿ.

ಕಲಿಯುವವರ ಪೆಟ್ಟಿಗೆ ಕೆಡಲು ಮುಖ್ಯ ಕಾರಣ ಈ ಎರಡು ಬಿಂದುಗಳನ್ನು ಹಾಳೆಯೊಳಗೇ ತುರುಕುವುದು. ಬಿಂದುಗಳ ನಡುವೆ 12 ಸೆಂ.ಮೀ. ಅಷ್ಟೇ ಇದೆ ಎನ್ನಿ. ಡಬ್ಬದ ಮುಂದಿನ ಮೂಲೆ ಅವೆರಡರ ನಡುಮಧ್ಯದಲ್ಲಿ, ಕಣ್ಣಮಟ್ಟದಿಂದ 6 ಸೆಂ.ಮೀ. ಕೆಳಗೆ ಬಂದರೆ ಅಲ್ಲಿ ಕೂಡುವ ಎರಡು ಗೆರೆಗಳ ಕೋನ ಸರಿಯಾಗಿ 90 ಡಿಗ್ರಿ. ಇನ್ನೂ ಕೆಳಗೆ ಇಳಿದರೆ ಕೋನ 90ಕ್ಕಿಂತ ಕಿರಿದಾಗಿ, ಡಬ್ಬ ಹಡಗಿನ ಮೂತಿಯ ಹಾಗೆ ಚೂಪಾಗುತ್ತದೆ. ಎರಡು ಬಿಂದುಗಳನ್ನು ತುದಿಯಾಗಿಟ್ಟು ಅರ್ಧವೃತ್ತ ಎಳೆದು ನೋಡಿ: ಮುಂದಿನ ಮೂಲೆ ಅದರೊಳಗೇ ಇರಬೇಕು. ಅಡ್ಡಕ್ಕೆ, ಬಿಂದುಗಳ ನಡುವಣ ಅಂತರದ ಮಧ್ಯದ ಅರ್ಧ ಭಾಗದಲ್ಲಿ ಪೆಟ್ಟಿಗೆ ಇರಲಿ.

ಅಂತರ ಹೆಚ್ಚಿಸಲು ದೊಡ್ಡ ಬೋರ್ಡು ಕೊಳ್ಳಬೇಕಿಲ್ಲ, ಮನೆಯ ನೆಲ ಸಾಕು. ಎರಡಡಿ ಟೈಲ್ಸಿನ ಒಂದು ಬದಿ ಸುಮಾರು 60 ಸೆಂ.ಮೀ. ಆ ಬದಿಯ ಸಂದನ್ನೇ ಕಣ್ಣಮಟ್ಟ ಮಾಡಿಕೊಂಡು, ಎ4 ಹಾಳೆಯನ್ನು ಅಡ್ಡಲಾಗಿ, ಮೇಲಿನ ಕಾಲುಭಾಗ ಸಂದಿನಿಂದ ಆಚೆ ಬರುವಂತೆ, ಸಂದಿನ ನಡುಮಧ್ಯದಲ್ಲಿ ಟೇಪಿನಿಂದ ಅಂಟಿಸಿ. ಟೈಲ್ಸಿನ ಎರಡು ಮೂಲೆಗಳೇ ಕೂಡುಬಿಂದುಗಳು. ಹಾಳೆಯ ಮೇಲೆ ಸಂದಿನ ಗೆರೆಯನ್ನು ಸ್ಕೇಲಿನಿಂದ ಮುಂದುವರಿಸಿಕೊಳ್ಳಿ.

ಈಗ ಹಾಳೆಯ ನಡುವೆ, ಕಣ್ಣಮಟ್ಟದ ಕೆಳಗೆ, 6 ಸೆಂ.ಮೀ. ಉದ್ದದ ನೆಟ್ಟಗಿನ ಗೆರೆ ಎಳೆಯಿರಿ. ಅದು ನಿಮಗೆ ಹತ್ತಿರದ ಅಂಚು. ಅದರ ಮೇಲ್ತುದಿ, ಕೆಳತುದಿ ಎರಡರಿಂದಲೂ ಎಡಬಿಂದುವಿನತ್ತ ಒಂದೊಂದು, ಬಲಬಿಂದುವಿನತ್ತ ಒಂದೊಂದು ತಿಳಿಗೆರೆ. ಡಬ್ಬ ಎಲ್ಲಿ ಮುಗಿಯಬೇಕೋ ಅಲ್ಲಿ ಎಡಕ್ಕೂ ಬಲಕ್ಕೂ ನೆಟ್ಟಗಿನ ಗೆರೆ ಹಾಕಿ. ಎಡಗೆರೆಯ ಮೇಲ್ತುದಿಯಿಂದ ಬಲಬಿಂದುವಿಗೆ, ಬಲಗೆರೆಯ ಮೇಲ್ತುದಿಯಿಂದ ಎಡಬಿಂದುವಿಗೆ ಎಳೆದರೆ ಅವು ಕೂಡುವಲ್ಲಿ ಮುಚ್ಚಳದ ಹಿಂದಿನ ಮೂಲೆ. ಇಲ್ಲಿಗೆ ಕಾಣುವ ಒಂಬತ್ತು ಗೆರೆ ಮುಗಿದವು.

ಅಲ್ಲಿಗೇ ನಿಲ್ಲಿಸಬೇಡಿ. ಕೆಳತುದಿಗಳಿಂದಲೂ ಅದೇ ರೀತಿ ಎಳೆದು ತಳದ ಹಿಂದಿನ ಮೂಲೆ ಹುಡುಕಿ, ಅದನ್ನು ಮುಚ್ಚಳದ ಹಿಂದಿನ ಮೂಲೆಗೆ ಸೇರಿಸಿ. ಹನ್ನೆರಡನೆಯದಾದ ಈ ಗೆರೆ ತೂಗುಗುಂಡು ಬಿಟ್ಟ ಹಾಗೆ ನೆಟ್ಟಗೆ ಬರಬೇಕು. ವಾಲಿದರೆ ಹಿಂದಿನ ಹನ್ನೊಂದರಲ್ಲಿ ಯಾವುದೋ ಜಾರಿದೆ. ಹೆಚ್ಚಾಗಿ ಎಡ ಅಥವಾ ಬಲದ ನಿಂತ ಗೆರೆಯೇ ಓರೆಯಾಗಿರುತ್ತದೆ. ಮೂಲೆಮಟ್ಟ ಇಟ್ಟು ಮೊದಲು ಅದನ್ನೇ ನೋಡಿ.

ಅಗಲದ ವಿಷಯದಲ್ಲಿ ಕೈ ಯಾವಾಗಲೂ ಮೋಸ ಮಾಡುತ್ತದೆ. ಆರು ಮುಖವೂ ಸಮ ಇರುವ ಪೆಟ್ಟಿಗೆ ಬಿಡಿಸುವಾಗ ಎತ್ತರ 6 ಇದ್ದರೆ ಅಗಲವನ್ನೂ 6 ಇಟ್ಟುಬಿಡುತ್ತೇವೆ, ಪೆಟ್ಟಿಗೆ ಟ್ರಂಕಿನಷ್ಟು ಉದ್ದವಾಗುತ್ತದೆ. ಎರಡೂ ಬದಿ ಸಮನಾಗಿ ತಿರುಗಿದ್ದರೆ ಒಂದೊಂದರ ಅಗಲ ಎತ್ತರದ ಮೂರನೇ ಎರಡು ಭಾಗದ ಆಸುಪಾಸು, ಅಂದರೆ 4 ಸೆಂ.ಮೀ. ಇಟ್ಟು ನೋಡಿ. ಒಂದು ಬದಿ ನಿಮ್ಮತ್ತ ಹೆಚ್ಚು ತಿರುಗಿ ಅಗಲವಾದರೆ ಇನ್ನೊಂದು ಕಿರಿದಾಗಲೇಬೇಕು. ಎಣ್ಣೆ ಡಬ್ಬಕ್ಕೆ ಈ ಅಗಲವೂ ಹೆಚ್ಚೇ. 3ರ ಹತ್ತಿರ ಸಾಕು.

ನಾಲ್ಕೈದು ಹಾಳೆ ಹೀಗೆ ಆದಮೇಲೆ ಸ್ಕೇಲು ಪಕ್ಕಕ್ಕಿಟ್ಟು ಬರಿಗೈಯಲ್ಲಿ ಬಿಡಿಸಿ. ಪೆನ್ನನ್ನು ಹಾಳೆಗೆ ತಾಗಿಸದೆ ಗಾಳಿಯಲ್ಲೇ ಎರಡು ಮೂರು ಸಲ ಆ ದಾರಿ ಓಡಿಸಿ, ಆಮೇಲೆ ಒಂದೇ ಎಳೆತ. ಕೈ ಭುಜದಿಂದ ಚಲಿಸಲಿ. ಮಣಿಕಟ್ಟಿನಿಂದ ಎಳೆದ ಉದ್ದಗೆರೆ ಬಾಗುತ್ತದೆ. ಗೆರೆ ತಪ್ಪಿದರೆ ಅದರ ಮೇಲೆ ಮತ್ತೆ ಮತ್ತೆ ಗೀಚದೆ ತಪ್ಪಿದ ಗೆರೆಯನ್ನೇ ಇಟ್ಟುಕೊಂಡು ಮುಂದೆ ಹೋಗಿ. ದಿನಕ್ಕೆ ಹತ್ತು ಪೆಟ್ಟಿಗೆ ಸಾಕು. ಒಂದೇ ಭಾನುವಾರ ನೂರು ಬಿಡಿಸಿದವರ ಕೊನೆಯ ಐವತ್ತು ಬರೀ ಕೈಯಾಡಿಸಿದ್ದು.

ತಿದ್ದುವ ಹೊತ್ತಿನಲ್ಲಿ ಎರಡನೇ ಬಣ್ಣದ ಪೆನ್ನು ಹಿಡಿಯಿರಿ. ದೂರ ಹೋಗುವ ನಾಲ್ಕು ನಾಲ್ಕು ಗೆರೆಗಳ ಒಂದೊಂದು ಗುಂಪನ್ನೂ ಸ್ಕೇಲಿನಿಂದ ಪೆಟ್ಟಿಗೆಯ ಹಿಂದಕ್ಕೆ ಮುಂದುವರಿಸಿ. ಮುಂದಿನ ಮೂಲೆಯ ಕಡೆಗೆ ಎಳೆದರೆ ಗೆರೆಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ, ಏನೂ ತಿಳಿಯುವುದಿಲ್ಲ. ಈ ತಪ್ಪು ತುಂಬಾ ಜನ ಮಾಡುತ್ತಾರೆ. ನಾಲ್ಕೂ ನಿಧಾನವಾಗಿ ಹತ್ತಿರ ಬರುತ್ತಿದ್ದರೆ ಸರಿ. ಎರಡೆರಡು ಜೋಡಿಯಾಗಿ ಬೇರೆ ಬೇರೆ ಕಡೆ ಕೂಡಿದರೆ, ಬಿಡಿಸುವಾಗ ಪಕ್ಕದ ಗೆರೆಯೊಂದನ್ನೇ ನೋಡಿ ಎಳೆದಿದ್ದೀರಿ, ಉಳಿದೆರಡನ್ನು ಮರೆತಿದ್ದೀರಿ. ದೂರ ಹೋದಂತೆ ಅಗಲವಾದರೆ ಪೆಟ್ಟಿಗೆಯ ಹಿಂಬದಿ ಮುಂಬದಿಗಿಂತ ದೊಡ್ಡದಾಗಿದೆ. ಎಲ್ಲ ಗೆರೆ ಸರಿಯಿದ್ದಂತೆ ಕಂಡರೂ ಹಿಂದಿನ ಮೂಲೆ ಕೂಡದಿರುವುದು ಮಾಮೂಲು. ಸಣ್ಣ ಸಣ್ಣ ತಪ್ಪೆಲ್ಲ ಕೊನೆಯ ಮೂಲೆಗೆ ಬಂದು ಸೇರುತ್ತವೆ. ಹಾಳೆಯ ಅಂಚಿನಲ್ಲಿ ತಪ್ಪಿನ ಹೆಸರು ಬರೆದಿಡಿ. ಮರುದಿನದ ಹತ್ತರಲ್ಲಿ ಆ ಒಂದನ್ನೇ ಗಮನಿಸಿ.

ಕೈ ಪಳಗಿದ ಮೇಲೆ ಚಿತ್ರದುರ್ಗದ ಕೋಟೆಗೆ ಹೋಗಿ. ಬಂಡೆಗಳ ಗೋಜಿಗೆ ಮೊದಲೇ ಹೋಗಬೇಡಿ, ಮೆಟ್ಟಿಲು ಇನ್ನೂ ಆಮೇಲೆ. ಚಪ್ಪಟೆ ಸೂರಿನ ಕಲ್ಲಿನ ಮಂಟಪ ಒಂದನ್ನು ಆರಿಸಿ, ಅದರ ಎತ್ತರದ ಎರಡು ಪಟ್ಟಿಗಿಂತ ಹೆಚ್ಚು ದೂರದಲ್ಲಿ ಕೂರಿ. ಹತ್ತಿರ ಕೂತರೆ ತಲೆ ಎತ್ತಬೇಕಾಗುತ್ತದೆ, ಆಗ ನಿಂತ ಗೆರೆಗಳೂ ಮೇಲೆ ಒಂದುಗೂಡತೊಡಗುತ್ತವೆ. ಸೂರಿನ ಅಂಚು ಎಷ್ಟು ವಾಲಿದೆ ಎಂದು ಅಳೆಯಲು ಮೊಣಕೈ ನೆಟ್ಟಗೆ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ನನ್ನು ಆ ಅಂಚಿಗೆ ಹೊಂದಿಸಿ. ವಾಲು ಕೆಡದಂತೆ ಹಾಳೆಗೆ ತನ್ನಿ. ನಿಮ್ಮ ಕಣ್ಣಿಗಿಂತ ಮೇಲಿರುವುದರಿಂದ ಸೂರಿನ ಗೆರೆ ದೂರ ಹೋದಂತೆ ಕೆಳಗಿಳಿಯುತ್ತದೆ, ಜಗಲಿಯ ಗೆರೆ ಮೇಲೇರುತ್ತದೆ.

ಇಡೀ ಮಂಟಪವನ್ನು ಒಂದೇ ಪೆಟ್ಟಿಗೆಯಾಗಿ ಬಿಡಿಸಿಕೊಂಡ ಮೇಲೆ ಕಂಬಗಳ ಸರದಿ. ಸಮ ಅಂತರದ ಕಂಬಗಳನ್ನು ಅಂದಾಜಿನಲ್ಲಿ ಹಾಕಬೇಡಿ. ಮೊದಲೆರಡು ಕಂಬ ನೋಡಿ ಹಾಕಿ. ಎರಡನೇ ಕಂಬದ ಅರ್ಧ ಎತ್ತರದಲ್ಲಿ ಗುರುತು ಮಾಡಿ. ಮೊದಲ ಕಂಬದ ತಲೆಯಿಂದ ಆ ಗುರುತಿನ ಮೂಲಕ ಓರೆಗೆರೆ ಎಳೆದರೆ ಅದು ಜಗಲಿಯ ಗೆರೆಗೆ ತಾಗುವಲ್ಲಿ ಮೂರನೇ ಕಂಬದ ಬುಡ. ನಾಲ್ಕನೆಯದಕ್ಕೆ ಎರಡನೇ ಕಂಬದ ತಲೆಯಿಂದ, ಮೂರನೆಯದರ ಅರ್ಧದ ಮೂಲಕ.